ಅವಳ ಬಾಯಲ್ಲಿ ನನ್ನ ಕೂಸು

“ಧಣಿ ಹಾಸಿಗೆ ಹತ್ತಾಕೆ ಕಾಲು ಬತ್ತವೆ, ಒನಕೆ ತುಳಿಯಾಕೆ ಬರಾಕಿಲ್ವೇನೇ ಮುಂಡೆ? ನೋಡಿಲ್ಲಿ, ಎಲ್ಲಾ ನುಚ್ಚು. ನಾಯಿಗೆ ಹಾಕಿದ್ರೂ ಮೂಸಾಕಿಲ್ಲ.”

ಧಣಿಯಮ್ಮ ಮೊರದಿಂದ ಒಂದು ಹಿಡಿ ಅಕ್ಕಿ ತೆಗೆದು ಲಾಮೇಯ ಮುಖಕ್ಕೆ ಎರಚಿದಳು. ಲಾಮೇ ಕಣ್ಣು ಮುಚ್ಚಿಕೊಂಡಳೇ ಹೊರತು ಕಾಲು ನಿಲ್ಲಿಸಲಿಲ್ಲ. ಉದ್ದದ ದಿಮ್ಮಿಯ ಒಂದು ತುದಿಯನ್ನು ಅವಳೂ ಶಿಯುಗುವೂ ಜೊತೆಯಾಗಿ ತುಳಿಯುತ್ತಿದ್ದರು. ಇನ್ನೊಂದು ತುದಿಯ ಒನಕೆ ಎದ್ದು ಎದ್ದು ಕಲ್ಲೊರಳಿಗೆ ಬೀಳುತ್ತಿತ್ತು. ಒಬ್ಬಳು ಕಾಲು ತೆಗೆದರೆ ಇನ್ನೊಬ್ಬಳ ಸೊಂಟ ಹೋಗುತ್ತದೆ. ಅದು ಇಬ್ಬರಿಗೂ ಗೊತ್ತು.

“ನುಚ್ಚಾಗಿದ್ದು ನನ್ನ ಕಾಲಿಂದ, ಅಮ್ಮಾರೆ,” ಶಿಯುಗು ಅಂದಳು.

“ನಿನ್ನ ಕೇಳಿದೋರು ಯಾರೇ ಲೌಡಿ? ಅಕ್ಕನ ಬೆನ್ನಿಗೆ ನಿಂತ್ಕಂಡು ಬೊಗಳ್ತಾಳೆ.” ಧಣಿಯಮ್ಮ ಕೈಯಲ್ಲಿದ್ದ ಹಿತ್ತಾಳೆಯ ಹೊಗೆಕೊಳವೆಯಿಂದ ಶಿಯುಗುವಿನ ಮೊಣಕಾಲ ಚಿಪ್ಪಿಗೆ ಒಂದು ಬಿಟ್ಟು, ಎಳವೆಯಿಂದಲೇ ಬಿಗಿದು ಕಟ್ಟಿ ಬೆಳೆಯಗೊಡದ ಪುಟ್ಟ ಪಾದಗಳ ಮೇಲೆ ಓಲಾಡುತ್ತ ಒಳಗೆ ಹೋದಳು.

ಲಾಮೇಯನ್ನು ಯೀ ಎಂಬ ಕುಲದ ಈ ಧಣಿ ಮನೆಯವರು ಹೊಳೆ ಉಕ್ಕಿದ ವರ್ಷ ಎರಡು ಮೂಟೆ ಭತ್ತ ಕೊಟ್ಟು ಕೊಂಡಿದ್ದರು. ಅವಳಿಗೆ ಮೈನೆರೆಯುವ ವಯಸ್ಸು ಬಂದಾಗ ಶಿಯುಗುವನ್ನು ತಂದರು. ಹೇನು ತುಂಬಿದ ತಲೆಯ, ಹೊಟ್ಟೆ ಉಬ್ಬಿದ ಪುಟ್ಟ ಹುಡುಗಿ. ಆ ತಲೆಯನ್ನು ಮಡಿಲಲ್ಲಿ ಹಾಕಿಕೊಂಡು ಹೇನು ಕುಕ್ಕಿದವಳು ಲಾಮೇ. ಸೌದೆಕೊಟ್ಟಿಗೆಯ ಮೂಲೆಯಲ್ಲಿ ಇಬ್ಬರಿಗೂ ಒಂದೇ ಚಾಪೆ, ಒಂದೇ ಹರಕು ಹೊದಿಕೆ.

ಧಣಿ ಯೀ ಶಾವ್‌ಟಾಂಗ್ ಲಾಮೇಯ ಮೈ ಮುಟ್ಟಿದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೊಟ್ಟೆ ಕಾಣಿಸಿದ ಮೇಲೆ ಅವಳನ್ನು ಹೆಬ್ಬಾಗಿಲು ದಾಟಲು ಬಿಡಲಿಲ್ಲ. ಸುಗ್ಗಿಯ ನಡುಹಗಲಲ್ಲಿ ಹುಲ್ಲಿನ ಕೋಣೆಯಲ್ಲಿ ಹೆತ್ತಳು. ಬಿಸಿನೀರಿನ ಬೋಗುಣಿ ಹಿಡಿದು ಬಾಗಿಲಲ್ಲಿ ನಿಂತಿದ್ದವಳು ಆಗಿನ್ನೂ ಹತ್ತು ತುಂಬದ ಶಿಯುಗು. ಧಣಿಯಮ್ಮ ಕೂಸನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ, ತಾಯಿಗೆ ತೋರಿಸದೆ, ಬಟ್ಟೆ ಒಗೆಯುವ ಕೊಳದ ಕಡೆಗೆ ಹೋದಳು; ಬರಿಗೈಯಲ್ಲಿ ಬಂದಳು. ಮೂರನೆಯ ದಿನ ಲಾಮೇ ಅದೇ ಕೊಳದ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಧಣಿಯಮ್ಮನ ಬಟ್ಟೆ ಒಗೆದಳು. ಹಾಲು ಸೋರಿ ಅಂಗಿ ನೆನೆದಿತ್ತು. ಆ ಮಾತನ್ನು ಅವಳು ಮುಂದೆ ಯಾರೆದುರೂ ಎತ್ತಲಿಲ್ಲ. ಶಿಯುಗುವಿನ ಎದುರೂ ಇಲ್ಲ.

ಕೆಂಪು ಸೈನ್ಯ ನಮ್ಮೂರನ್ನು ದಾಟಿ ದಕ್ಷಿಣಕ್ಕೆ ಹೋಗಿ ಒಂದು ವರ್ಷವಾದರೂ ಯೀ ಮನೆಯ ಗೇಣಿ ಯೀ ಮನೆಗೇ ಹೋಗುತ್ತಿತ್ತು. ಆ ಚಳಿಗಾಲದಲ್ಲಿ ಜಮೀನು ಹಂಚಲು ಹೊಸ ಸರ್ಕಾರದ ಕೆಲಸದ ತಂಡ ಬಂತು. ಬೂದುಬಣ್ಣದ ಹತ್ತಿಕೋಟು ತೊಟ್ಟ ಕಾಮ್ರೇಡುಗಳು ಹೆಬ್ಬಾಗಿಲ ಮನೆಗಳಲ್ಲಿ ಊಟಕ್ಕೆ ಕೂರಲಿಲ್ಲ. ಊರಿಗೆಲ್ಲ ಕಡುಬಡವರು ಯಾರು ಎಂದು ಕೇಳಿಕೊಂಡು ಬಂದು, ಅವರ ಗಂಜಿಯನ್ನೇ ಕುಡಿದು, ಅವರ ಚಾಪೆಯಲ್ಲೇ ಮಲಗಿದರು. ಅದಕ್ಕೆ ಅವರು ‘ಬೇರು ಇಳಿಸೋದು’ ಅನ್ನುತ್ತಿದ್ದರು. ಊರಿಗೊಂದು ಬೇರು ಸಿಕ್ಕರೆ ಸಾಕು, ಸರ್ಕಾರ ಅಲ್ಲಿಂದ ಮೇಲೆ ತಾನೇ ಚಿಗುರುತ್ತದೆ.

ಹೀಗೆ ಕಾಮ್ರೇಡ್ ಶೆನ್ ಸೌದೆಕೊಟ್ಟಿಗೆಗೆ ಬಂದಳು. ಕನ್ನಡಕದ, ಪಟ್ಟಣದ ಹುಡುಗಿ. ಬೆರಳುಗಳು ಚಳಿಗೆ ಬಾತು ಕೆಂಪಾಗಿದ್ದವು. ಮೊದಲು ಅವಳು ಕೂತದ್ದು ಲಾಮೇಯ ಪಕ್ಕದಲ್ಲೇ.

“ಧಣಿ ನಿಮ್ಮನ್ನ ಹೊಡೀತಿದ್ದನಾ, ಅಕ್ಕಾ?”

“ಹೊಡೀದೆ ಮುದ್ದು ಮಾಡ್ತಾನಾ?”

“ಅದನ್ನೇ ಹೇಳಿ. ಹೇಗೆ ಹೊಡೀತಿದ್ದ, ಯಾಕೆ ಹೊಡೀತಿದ್ದ. ಒಳಗಿರೋ ಕಹಿಯನ್ನೆಲ್ಲ ಕಕ್ಕಿಬಿಡಿ. ಇನ್ನು ಯಾರಿಗೂ ಹೆದರಬೇಕಾಗಿಲ್ಲ.”

ಲಾಮೇ ಗೆಣಸಿನ ಗಂಜಿಯ ಬಟ್ಟಲನ್ನು ನೆಕ್ಕಿ ಕೆಳಗಿಟ್ಟಳು. “ಎಮ್ಮೆಗೆ ಹುಲ್ಲು ಹಾಕ್ಬೇಕು,” ಅಂದು ಎದ್ದಳು.

ಬೆನ್ನಹಿಂದೆ ಶಿಯುಗು ಹೇಳಿದ್ದು ಅವಳಿಗೆ ಕೇಳಿಸಿತು. “ಅವ್ಳು ಅಂಗೇ. ಕಲ್ಲು. ನನ್ನ ಕೇಳಿ, ನಾ ಹೇಳ್ತೀನಿ.”

ಶಿಯುಗು ಹೇಳಿದಳು. ದಿನವೂ ಹೇಳಿದಳು. ಅವಳಿಗೆ ಮಾತು ಬರುತ್ತಿತ್ತು, ಮಾತಿನ ಜೊತೆಗೇ ಕಣ್ಣೀರೂ ಬರುತ್ತಿತ್ತು. ಶೆನ್ ಅವಳ ಕೈ ಹಿಡಿದು ಕೂರುತ್ತಿದ್ದಳು, ಕೆಲವೊಮ್ಮೆ ತಾನೂ ಅಳುತ್ತಿದ್ದಳು. ಬೂದಿಯಲ್ಲಿ ಕಡ್ಡಿಯಿಂದ ಅಕ್ಷರ ಬರೆದು ಕಲಿಸಿದಳು. ಒಂದು ಬೆಳಿಗ್ಗೆ ಲಾಮೇ ನೀರು ಹೊತ್ತು ಬರುವಷ್ಟರಲ್ಲಿ ಶಿಯುಗುವಿನ ಜಡೆ ಕಿವಿಯ ಮಟ್ಟಕ್ಕೆ ಕತ್ತರಿಸಿ ಆಗಿತ್ತು. ಕತ್ತರಿಸಿದ ಕೂದಲನ್ನು ಶೆನ್ ಒಲೆಗೆ ಹಾಕಿದ್ದಳು. ಲಾಮೇ ಆ ಕಮಟು ವಾಸನೆಯಲ್ಲಿ ಬಿಂದಿಗೆ ಹೊತ್ತೇ ನಿಂತಳು. ಆ ತಲೆಯ ಒಂದೊಂದು ಕೂದಲೂ ಅವಳ ಬೆರಳಿಗೆ ಗೊತ್ತಿತ್ತು.

“ಹೊಸ ಅಮ್ಮಾರು ಸಿಕ್ಕವ್ರೆ ನಿಂಗೆ,” ಅಂದಳು.

“ಅಮ್ಮಾರಲ್ಲ ಕಣಕ್ಕ, ಕಾಮ್ರೇಡು.”

“ಯಾವುದೋ ಒಂದು. ಮಧ್ಯದಲ್ಲಿ ಮಲಗ್ತಾಳಲ್ಲ. ನನ್ನ ಪಾಲಿಗೆ ಹೊದಿಕೆ ಮೊಣಕಾಲಗಂಟ ಬತ್ತದೆ.”

ಶಿಯುಗು ನಕ್ಕುಬಿಟ್ಟಳು. ಶೆನ್ ನಗಲಿಲ್ಲ. ಲಾಮೇಯ ಹೆಗಲ ಮೇಲೆ ಕೈಯಿಟ್ಟು, ಮಗುವಿಗೆ ಹೇಳುವ ಹಾಗೆ ಹೇಳಿದಳು: “ಅಕ್ಕಾ, ನಿಮ್ಮ ತಲೆ ಇನ್ನೂ ತೆರೆದಿಲ್ಲ. ಧಣಿ ಮೇಲೆ ಒಳಗೊಳಗೇ ಕನಿಕರ ಇದೆ ನಿಮಗೆ. ತಪ್ಪು ನಿಮ್ಮದಲ್ಲ.”

ಲಾಮೇಗೆ ಮುಖದ ಮೇಲೆ ಅಕ್ಕಿ ಎರಚಿದ್ದಕ್ಕಿಂತ ಅದು ಹೆಚ್ಚು ಚುರುಗುಟ್ಟಿತು.

ಕಹಿ ಕಕ್ಕುವ ಸಭೆ ಯೀ ಕುಲದವರ ಪಿತೃಮಂದಿರದಲ್ಲಿ ನಡೆಯಿತು. ನಮ್ಮಂಥವರು ಹೊಸಿಲು ಕೂಡ ತುಳಿಯಬಾರದಿದ್ದ ಜಾಗ. ಅಂದು ಊರಿಗೆ ಊರೇ ಒಳಗಿತ್ತು. ಪೂರ್ವಜರ ಹೆಸರು ಕೆತ್ತಿದ ಹಲಗೆಗಳನ್ನು ಮೂಲೆಗೆ ರಾಶಿ ಹಾಕಿ, ಪೀಠದ ಮುಂದೆ ಮೇಜುಗಳನ್ನು ಜೋಡಿಸಿ ವೇದಿಕೆ ಮಾಡಿದ್ದರು. ಧಣಿ ಯೀ ಕಾಗದದ ಎತ್ತರದ ಟೋಪಿ ಹಾಕಿಕೊಂಡು ಮೊಣಕಾಲೂರಿದ್ದ. ನಿನ್ನೆಯವರೆಗೆ ಅವನ ಪಲ್ಲಕ್ಕಿ ಹೊರುತ್ತಿದ್ದ ತಿಯೆಗೆನ್ ಇಂದು ಜನಪಡೆಯ ನಾಯಕ; ಬಂದೂಕು ಹಿಡಿದು ಅವನ ಹಿಂದೆ ನಿಂತಿದ್ದ.

ಮೊದಲು ಗೇಣಿದಾರರು ಮಾತಾಡಿದರು. ತೊದಲಿದರು, ಅಭ್ಯಾಸಬಲದಿಂದ ಧಣಿಗೆ ‘ತಾವು’ ಅಂದರು, ಜನ ನಕ್ಕರು. ಸಭೆ ಕಾವೇರಲಿಲ್ಲ. ಆಗ ಶೆನ್ ಶಿಯುಗುವನ್ನು ಮುಂದೆ ತಳ್ಳಿದಳು.

ಶಿಯುಗು ಹಸಿವಿನಿಂದ ಶುರುಮಾಡಿದಳು. ಎಂಜಲು ತಿಂದದ್ದು, ಕೊಳವೆಯ ಏಟು. ಲಾಮೇ ಹಿಂದೆ, ಕಂಬದ ಪಕ್ಕ ನಿಂತು ಕೇಳುತ್ತಿದ್ದಳು. ಒಂದು ಗಳಿಗೆ ಅವಳಿಗೆ ಹೆಮ್ಮೆಯೇ ಆಯಿತು. ತಾನು ಬೆಳೆಸಿದ ಹುಡುಗಿ.

“ಈ ನಾಯಿ ನನ್ನ ಮೈ ಮುಟ್ಟಿದ,” ಶಿಯುಗು ಅಂದಳು. “ನಾ ಬಸುರಿಯಾದೆ. ಹುಲ್ಲಿನ ಕೋಣೇಲಿ ಹೆತ್ತೆ. ಗಂಡು ಕೂಸು. ಬಿಸಿನೀರು ಆರಿರಲಿಲ್ಲ, ಅಷ್ಟರಲ್ಲಿ ಇವನ ಹೆಂಡ್ತಿ ಬಂದು ಹಳೇ ಬಟ್ಟೇಲಿ ಸುತ್ತಿ ಕೊಳಕ್ಕೆ ತಕ್ಕೊಂಡೋದ್ಲು. ನಂಗೆ ಮುಖ ಕೂಡ ತೋರಿಸ್ನಿಲ್ಲ. ಮೂರನೇ ದಿನ ಅದೇ ಕೊಳದಲ್ಲಿ ಅವಳ ಒಳಬಟ್ಟೆ ಒಗೆದೆ ಕಣ್ರಪ್ಪಾ. ಎದೆಹಾಲು ನೀರಿಗೆ ಬೀಳ್ತಿತ್ತು. ಆ ಹಾಲು ಕುಡಿಯೋನು ಆ ನೀರೊಳಗೇ ಇದ್ದ.”

ಮೊದಲು ಒಬ್ಬ ಹೆಂಗಸು ಬಿಕ್ಕಿದಳು. ಒಬ್ಬಳ ಹಿಂದೆ ಒಬ್ಬಳು, ಹೆಂಗಸರೆಲ್ಲ ಎದೆ ಎದೆ ಬಡಿದುಕೊಂಡರು. ಗಂಡಸರು ಮೂಗು ಒರೆಸಿದರು. ಮುದುಕಿಯರು ವೇದಿಕೆಗೇ ಹತ್ತಿ ಶಿಯುಗುವನ್ನು ತಬ್ಬಿ, ಅವಳ ಹೊಟ್ಟೆ ಸವರಿ, “ಅಯ್ಯೋ ನನ್ನ ಕಂದಾ, ಎಂಗೆ ತಡ್ಕಂಡೆ,” ಎಂದು ಅತ್ತರು.

ಲಾಮೇಯ ಕಣ್ಣು ಒಣಗಿಯೇ ಇತ್ತು. ಅವಳ ಹೊಟ್ಟೆಯನ್ನು ಯಾರೂ ಎಂದೂ ಸವರಿರಲಿಲ್ಲ. ಕೂಸು ಹೋದ ದಿನ ಅವಳ ಜೊತೆ ಒಬ್ಬರೂ ಅತ್ತಿರಲಿಲ್ಲ. ಇಷ್ಟು ವರ್ಷ ಎಲ್ಲಿ ಇಟ್ಟಿದ್ದರೋ ಆ ಕಣ್ಣೀರನ್ನೆಲ್ಲ ಊರವರು ತಂದು ಇನ್ನೊಬ್ಬಳ ಮಡಿಲಿಗೆ ಸುರಿಯುತ್ತಿದ್ದರು. ಅವಳ ಎದೆಯೊಳಗೆ ಎದ್ದದ್ದು ದುಃಖವಲ್ಲ, ಹೊಟ್ಟೆಕಿಚ್ಚು. ಬಾಯಿಗೆ ಬಂದ ಎಂಜಲು ಉಪ್ಪಾಗಿತ್ತು.

ಆ ಮಧ್ಯಾಹ್ನ ಧಣಿ ಯೀಯನ್ನು ಒಣಹೊಳೆಯ ಮರಳಿಗೆ ಎಳೆದೊಯ್ದರು. ಗುಂಡು ಹಾರಿಸುವ ಮೊದಲು ಊರಿನ ಪ್ರತಿಯೊಬ್ಬರೂ ಅವನಿಗೆ ಒಂದೊಂದು ಏಟು ಹಾಕಬೇಕೆಂದು ಆಯಿತು. ಯಾವ ಕೈ ಏಳುತ್ತದೆ, ಯಾವುದು ಏಳುವುದಿಲ್ಲ ಎಂದು ತಿಯೆಗೆನ್ ನೋಡುತ್ತ ನಿಂತಿದ್ದ. ಸರದಿ ಬಂದವರೆಲ್ಲರ ಕೈಗಳೂ ಎದ್ದವು. ಇನ್ನು ಯೀ ಕುಲದವರೇನಾದರೂ ಮರಳಿ ಅಧಿಕಾರಕ್ಕೆ ಬಂದರೆ ಊರಿನಲ್ಲಿ ಒಬ್ಬನೂ ಉಳಿಯುವುದಿಲ್ಲ. ಅದು ಹೊಡೆದ ಎಲ್ಲರಿಗೂ ಆ ಕ್ಷಣವೇ ಅರ್ಥವಾಯಿತು. ಹೊಸ ಸರ್ಕಾರವನ್ನು ಕಾಯುವುದೆಂದರೆ ಅಂದಿನಿಂದ ನಮ್ಮ ಕತ್ತನ್ನು ನಾವೇ ಕಾಯ್ದುಕೊಂಡ ಹಾಗೆ. ಲಾಮೇ ಗುಂಪಿನ ಹಿಂದೆಯೇ ಉಳಿದುಕೊಂಡಳು. ಅವಳ ಸರದಿ ಬರುವ ಮೊದಲೇ ಧಣಿ ಸತ್ತಿದ್ದ.

ಹೊಸ ರೈತ ಸಂಘದ ಕೈಯಲ್ಲಿ ಗದ್ದೆ, ಎಮ್ಮೆ, ಪಾತ್ರೆ, ಹೊದಿಕೆ ಎಲ್ಲ ಹಂಚಿಕೆಯಾದವು. ಶಿಯುಗು ಮಹಿಳಾ ಸಂಘದ ಅಧ್ಯಕ್ಷೆಯಾದಳು. ಅವಳಿಗೆ ಧಣಿಯಮ್ಮನ ಕೆಂಪು ಅರಗಿನ ಮಂಚವೂ ಒಳಮನೆಯೂ ಬಂದವು. ಲಾಮೇಗೆ ಕೊಳದಾಚೆಯ ಒಂದು ತುಂಡು ಗದ್ದೆ, ಎಮ್ಮೆಯಲ್ಲಿ ಒಂದು ಕಾಲಿನ ಪಾಲು. ವಾಸಕ್ಕೆ ಸೌದೆಕೊಟ್ಟಿಗೆಯೇ. ಆದರೆ ಈಗ ಅದು ಅವಳದೇ ಎಂದು ಸರ್ಕಾರ ಹೇಳಿತು.

ಲಾಮೇ ಒಳಮನೆಗೆ ಹೋದಾಗ ಶಿಯುಗು ಮಂಚದ ಕೆತ್ತನೆಯ ಹಕ್ಕಿಗಳನ್ನು ಬಟ್ಟೆಯಿಂದ ಒರೆಸುತ್ತಿದ್ದಳು.

“ಬಾ ಅಕ್ಕ, ಕೂತ್ಕೋ. ಮೆತ್ತಗೈತೆ.”

“ಈ ಮಂಚದ ಮೇಲೆ ನಾ ಮಲಗಿದ್ದೀನಿ. ಮೆತ್ತಗೈತೆ ಅಂತ ಗೊತ್ತು.”

ಶಿಯುಗುವಿನ ಕೈ ನಿಂತಿತು.

“ಕೂಸು ಯಾರದೇ?” ಲಾಮೇ ಕೇಳಿದಳು.

“ನಿಂದೇ ಕಣಕ್ಕ. ನಾ ಇಲ್ಲ ಅಂದ್ನಾ?”

“ಊರಿಗೆಲ್ಲ ಅಂದೆ.”

“ನಾ ನಿನ್ನ ಹೆಸರೇ ಹೇಳಿದ್ದೆ. ನಮ್ಮಕ್ಕಂಗೆ ಇಂಗಾಯ್ತು ಅಂತ. ಶೆನ್ ಕಾಮ್ರೇಡೇ ಹೇಳಿದ್ರು, ಅಕ್ಕಂಗೆ ಆಗಿದ್ದು ಅಂದ್ರೆ ಜನಕ್ಕೆ ನಾಟಾಕಿಲ್ಲ, ನಂಗಾಯ್ತು ಅನ್ನು, ಅಂತ. ನೀನೋ ಬಾಯಿ ಬಿಡೋಳಲ್ಲ. ಯಾರಾದ್ರೂ ಒಬ್ರು ಹೇಳ್ಬೇಕಾಗಿತ್ತು. ನಾನೂ ಅಲ್ಲೇ ಇದ್ದೆ ಕಣಕ್ಕ. ಆ ಬೋಗುಣಿ ನೀರು ಕೈ ಮೇಲೆ ಚೆಲ್ಲಿ ಬೊಬ್ಬೆ ಎದ್ದಿದ್ದು ನಂಗೆ.” ಅವಳು ಒರೆಸುವ ಬಟ್ಟೆಯನ್ನು ಮಡಿಲಲ್ಲಿ ಮುದುರಿದಳು. “ಹೇಳ್ತಾ ಹೇಳ್ತಾ ನಂದೇ ಅನ್ನಿಸ್ಬಿಡ್ತು. ಈಗ ಕನಸಲ್ಲೂ ಬತ್ತದೆ, ಅವ್ವಾ ಅಂತದೆ.”

“ನಿನ್ನ ಅಂತದಾ?”

“ಹೂಂ.”

ಲಾಮೇ ಮಂಚದ ಕಂಬ ಹಿಡಿದುಕೊಂಡಳು. ಅವಳ ಕನಸಿಗೆ ಕೂಸು ಎಂದೂ ಬಂದಿರಲಿಲ್ಲ. “ಮಂಚ ತಗೋ, ಮನೆ ತಗೋ, ಅಧ್ಯಕ್ಷೆ ಆಗು, ನಂಗೆ ಬ್ಯಾಡ. ಕೂಸು ತಿರುಗಿ ಕೊಡು.”

“ಎಂಗೆ ಕೊಡ್ಲಿ?” ಶಿಯುಗು ಕೇಳಿದಳು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಊರಿನ ಹಿರಿಯರಿಗೆಲ್ಲ ಲೆಕ್ಕ ತಿಳಿದಿತ್ತು. ಯೀ ಮನೆಯ ದಾಸಿಯ ಹೊಟ್ಟೆಯ ಗುಸುಗುಸು ಎದ್ದಿದ್ದ ಕಾಲಕ್ಕೆ ಶಿಯುಗು ಬಸುರಾಗುವ ವಯಸ್ಸಿನವಳೇ ಅಲ್ಲ. ಆದರೆ ಲಾಮೇ ಗದ್ದೆಯ ಬದುವಿನಲ್ಲಿ ಹಳೆಯ ಗೇಣಿದಾರ ಲಿಯಾವ್ ತಾತನನ್ನು ನಿಲ್ಲಿಸಿ ಕೇಳಿದಾಗ ಅವನು ಸುತ್ತಮುತ್ತ ನೋಡಿ ದನಿ ತಗ್ಗಿಸಿದ.

“ನಂಗೊತ್ತು ಕಣವ್ವಾ. ಆದ್ರೆ ಈಗ ಅದನ್ನ ಕೆದಕಬ್ಯಾಡ. ಆ ಮಾತಿನ ಮ್ಯಾಲೆ ಧಣಿ ಸತ್ತ. ಧಣಿ ಸತ್ತಿದ್ದಕ್ಕೆ ನಂಗೆ ಈ ಗದ್ದೆ ಬಂತು. ನೀ ಆ ಮಾತು ಸುಳ್ಳು ಅಂದ್ರೆ ನನ್ನ ಗದ್ದೆ ಎಲ್ಲಿ ನಿಂತ್ಕತದೆ ಹೇಳು. ಯಾರ ಕೂಸಾದ್ರೇನು, ಸತ್ತ ಕೂಸು.” ಅವನು ಭತ್ತದ ಸಸಿಯ ಕಟ್ಟನ್ನು ಹೆಗಲಿಗೇರಿಸಿ ಕೆಸರಿಗಿಳಿದ.

ಕಡೆಗೆ ಅವಳು ಶೆನ್ ಬಳಿಗೇ ಹೋದಳು. ಶೆನ್ ಈಗ ಯೀ ಮನೆಯ ಪಡಸಾಲೆಯಲ್ಲಿ, ಧಣಿಯ ಮೇಜಿನ ಹಿಂದೆ ಕೂರುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು. ಆಶ್ಚರ್ಯಪಡಲಿಲ್ಲ.

“ದುಃಖ ಒಬ್ಬರ ಸ್ವಂತ ಆಸ್ತಿ ಅಲ್ಲ, ಅಕ್ಕಾ. ಅದು ಇಡೀ ವರ್ಗದ್ದು. ನೀವು ಹೊತ್ತಿರಿ, ಶಿಯುಗು ಹೇಳಿದಳು. ಏನು ವ್ಯತ್ಯಾಸ?”

“ಬ್ಯಾರೆಯೋರ ಭತ್ತ ಹೊತ್ಕೊಂಡೋದ್ರೆ ಕಳ್ಳತನ ಅಂತೀರಿ.”

ಶೆನ್ ಕನ್ನಡಕ ತೆಗೆದು ಒರೆಸಿದಳು. ಕನ್ನಡಕವಿಲ್ಲದ ಮುಖ ಎಳೆಯದಾಗಿ, ದಣಿದಂತೆ ಕಂಡಿತು. “ನಿಮ್ಮ ಕೂಸು ಅಂತ ಹೇಳೋದಕ್ಕೆ ಸಾಕ್ಷಿ ಯಾರು? ಬೇರೆ ಯಾರು ಕಂಡಿದ್ದಾರೆ? ಯೀ ಮುದುಕಿ ಒಬ್ಬಳು. ಧಣಿಯ ಹೆಂಡತಿ ಸಾಕ್ಷಿ ನಂಬಿ ರೈತ ಸಂಘದ ಮಾತನ್ನ ಸುಳ್ಳು ಮಾಡೋರನ್ನ ಏನಂತ ಕರೀತಾರೆ ಗೊತ್ತಾ? ನಾನು ಕರೆಯಲ್ಲ. ಜನ ಕರೀತಾರೆ.” ಮತ್ತೆ ಮೆತ್ತಗಾದಳು. “ಬರೋ ವಾರ ಜಿಲ್ಲೆಯ ದೊಡ್ಡ ಸಭೆ ಇದೆ. ಸುತ್ತ ಹಳ್ಳಿಯೋರೆಲ್ಲ ಶಿಯುಗು ಮಾತು ಕೇಳೋಕೆ ಬರ್ತಾರೆ. ನೀವು ಮುಂದಿನ ಸಾಲಲ್ಲಿ ಕೂತ್ಕೊಳ್ಳಿ. ಕೂಸಿನ ಮಾತು ಬಂದಾಗ ಮನಸ್ಸು ಬಿಚ್ಚಿ ಅತ್ತುಬಿಡಿ. ನಿಮ್ಮನ್ನ ನೋಡಿ ಬೇರೆ ಹೆಂಗಸರೂ ಅಳ್ತಾರೆ. ಹಗುರ ಆಗುತ್ತೆ ನಿಮಗೂ.”

ತನ್ನ ಕೂಸಿಗೆ ಅಳಲು ಅವಳಿಗೆ ಹೀಗೆ ಒಂದು ಜಾಗ ಗೊತ್ತುಮಾಡಿದರು.

ಜಿಲ್ಲೆಯ ಸಭೆ ಕುದುರೆ ಸಂತೆಯ ಬಯಲಿನಲ್ಲಿತ್ತು. ಕೆಂಪು ಬಟ್ಟೆ, ನಗಾರಿ, ಕಣ್ಣು ಹಾಯುವವರೆಗೆ ನೀಲಿ ಅಂಗಿಗಳು. ವೇದಿಕೆಯ ಮೇಲೆ ಯೀ ಧಣಿಯಮ್ಮ ಮೊಣಕಾಲೂರಿದ್ದಳು. ಇಂದು ಅವಳ ತೀರ್ಪು. ಶಿಯುಗು ಎದೆಗೆ ಕಾಗದದ ಕೆಂಪು ಹೂ ಸಿಕ್ಕಿಸಿಕೊಂಡು ತಗಡಿನ ಕೂಗುಕೊಳವೆ ಹಿಡಿದು ನಿಂತಳು. ಈಗ ಅವಳ ಮಾತು ಹದವಾಗಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಒಡೆಯಬೇಕು ಎಲ್ಲ ತಿಳಿದಿತ್ತು. ಕೂಸಿನ ಮಾತು ಬಂತು. ಬಯಲು ಅತ್ತಿತು. ಮುಂದಿನ ಸಾಲಿನಲ್ಲಿ ಲಾಮೇ ಕೈ ಕಟ್ಟಿಕೊಂಡು ಕೂತಿದ್ದಳು.

“ಒಪ್ಕೋ,” ತಿಯೆಗೆನ್ ಧಣಿಯಮ್ಮನ ಕೂದಲು ಹಿಡಿದು ತಲೆ ಎತ್ತಿಸಿದ. “ಈ ಹೆಂಗಸಿನ ಕೂಸು ಕೊಂದೆ ಅಂತ ಒಪ್ಕೋ.”

ಧಣಿಯಮ್ಮ ಶಿಯುಗುವನ್ನು ನೋಡಿದಳು. ಆಮೇಲೆ ಕೆಳಗೆ, ಮುಂದಿನ ಸಾಲನ್ನು ನೋಡಿದಳು. “ಕೊಂದೆ,” ಅಂದಳು. “ಈ ಹೆಂಗಸಿನ ಕೂಸನ್ನಲ್ಲ.”

ತಿಯೆಗೆನ್ ಅವಳ ಬಾಯಿಗೆ ಹೊಡೆದ. “ಸುಳ್ಳಿ, ಬೋಸುಡಿ. ಈಗ್ಲೂ ಸುಳ್ಳು.” ಬಯಲೆಲ್ಲ “ಕೊಲ್ಲಿ, ಕೊಲ್ಲಿ” ಎಂದು ಎದ್ದು ನಿಂತಿತು.

ಲಾಮೇ ಯಾವಾಗ ಎದ್ದಳು, ಯಾವಾಗ ವೇದಿಕೆ ಹತ್ತಿದಳು ಎಂದು ಪಕ್ಕದಲ್ಲಿದ್ದವರಿಗೂ ಗೊತ್ತಾಗಲಿಲ್ಲ. ಶಿಯುಗುವಿನ ಕೈಯಿಂದ ಕೂಗುಕೊಳವೆ ಕಿತ್ತುಕೊಂಡಳು.

“ಅವಳು ಹೇಳ್ತಿರೋದು ನಿಜ. ಕೂಸು ಕೊಂದೋಳು ಅವಳೇ. ಕೂಸು ನಂದು. ಹೆತ್ತೋಳು ನಾನು, ಲಾಮೇ.”

ಶಿಯುಗು ಅವಳ ತೋಳು ಹಿಡಿದಳು. ಎಳೆಯಲೂ ಇಲ್ಲ, ಬಿಡಲೂ ಇಲ್ಲ. ಅಷ್ಟರಲ್ಲಿ ಶೆನ್ ಮುಷ್ಟಿ ಎತ್ತಿ ಘೋಷಣೆ ಕೂಗಿದಳು. ನಗಾರಿ ಬಡಿಯಿತು. ಹಿಂದಿನವರು ಏನೂ ಕೇಳಿಸದೆಯೇ ಕೂಗಿದರು, ಮುಂದಿನವರು ಕೇಳಿಸಿಕೊಂಡೂ ಕೂಗಿದರು. ಲಾಮೇ ಕೊಳವೆಯೊಳಗೆ “ನಂದು, ನಂದು” ಎನ್ನುತ್ತಲೇ ಇದ್ದಳು. ಜನಪಡೆಯವರು ಅವಳ ಕಾಲು ಹಿಡಿದು ಕೆಳಗೆಳೆದರು.

ಧಣಿ ಮನೆಯ ಬಾಲ ಎಂದು ಅವಳಿಗೆ ಹೆಸರಿಟ್ಟರು. ಕೊಟ್ಟಿದ್ದ ಗದ್ದೆಯನ್ನು ಕಿತ್ತುಕೊಂಡರು. ನಡತೆ ತಿದ್ದಿಕೊಳ್ಳುವವರೆಗೆ ದಿನಾ ಬೆಳಿಗ್ಗೆ ಊರ ಬೀದಿ ಗುಡಿಸಬೇಕೆಂದು ಆಜ್ಞೆಯಾಯಿತು. ಗದ್ದಲದಲ್ಲಿ ನಿಂತುಹೋದ ಧಣಿಯಮ್ಮನ ತೀರ್ಪನ್ನು ಆಮೇಲೆ ಯಾರೂ ಎತ್ತಲಿಲ್ಲ. ಎತ್ತಿದರೆ ಕೂಸಿನ ಮಾತು ಮತ್ತೆ ಬರುತ್ತದೆ. ಅವಳ ಕೈಗೂ ಒಂದು ಬಿದಿರು ಪೊರಕೆ ಕೊಟ್ಟರು. ಹೀಗೆ ಬೀದಿಯ ಎಡಬದಿಯನ್ನು ಧಣಿಯಮ್ಮ, ಬಲಬದಿಯನ್ನು ಲಾಮೇ ಗುಡಿಸತೊಡಗಿದರು. ಊರಲ್ಲಿ ಯಾರೂ ಅವರಿಬ್ಬರ ಜೊತೆ ಮಾತಾಡುತ್ತಿರಲಿಲ್ಲ.

ಅವರಿಬ್ಬರೂ ಬಹಳ ದಿನ ಮಾತಾಡಲಿಲ್ಲ. ಹಿಪ್ಪುನೇರಳೆ ಎಲೆ ಉದುರುವ ಕಾಲಕ್ಕೆ ಒಂದು ಬೆಳಿಗ್ಗೆ ಲಾಮೇ ಪೊರಕೆ ನಿಲ್ಲಿಸದೆಯೇ ಕೇಳಿದಳು. “ಅತ್ತಿತ್ತಾ?”

ಯಾವುದು ಎಂದು ಧಣಿಯಮ್ಮ ಕೇಳಲಿಲ್ಲ. “ಹೂಂ. ಗಟ್ಟಿ ಗಂಟಲು.”

“ಕೂದ್ಲು?”

“ತುಂಬಾ ಇತ್ತು. ಕಪ್ಪಗೆ.”

“ಗಂಡು ಅಂತಾಳೆ ಶಿಯುಗು.”

“ಅವಳೇನು ಬಲ್ಲಳು. ಬಟ್ಟೆ ಸುತ್ತಿದ್ದೆ.” ಧಣಿಯಮ್ಮ ಕಟ್ಟಿದ ಪಾದಗಳ ನೋವಿಗೆ ಗೋಡೆಗೆ ಒರಗಿದಳು. “ಹೆಣ್ಣು. ಗಂಡಾಗಿದ್ರೆ ಯಾಕೆ ಮುಳುಗಿಸ್ತಿದ್ದೆ? ನಂಗೆ ಮಕ್ಕಳಿರಲಿಲ್ಲ. ಗಂಡಾಗಿದ್ರೆ ಒಳಗಿಟ್ಕಂಡು, ನಾನೇ ಹೆತ್ತೆ ಅಂತ ಮಗ ಹುಟ್ಟಿದ ಖುಷಿಗೆ ಊರಿಗೆಲ್ಲ ಕೆಂಪು ಮೊಟ್ಟೆ ಹಂಚ್ತಿದ್ದೆ.”

ಲಾಮೇ ಪೊರಕೆ ಎತ್ತಿ ಅವಳ ಮುಖಕ್ಕೆ ಬೀಸಿದಳು. ಬಿದಿರಿನ ಸಿಬಿರು ಕೆನ್ನೆ ಸೀಳಿ ರಕ್ತ ಬಂತು. ಧಣಿಯಮ್ಮ ಕೂಗಲಿಲ್ಲ. ಕೂಗಿದರೆ ಯಾರು ಬರುತ್ತಾರೆ. ಲಾಮೇ ಉದುರಿದ ಸಿಬಿರುಗಳನ್ನೂ ಸೇರಿಸಿ ಗುಡಿಸಿದಳು. ಬೀದಿಯ ಕೊನೆ ತಲುಪುವಷ್ಟರಲ್ಲಿ ಮಗಳಿಗೆ ಒಂದು ಹೆಸರಿಟ್ಟಿದ್ದಳು.

ಮರುವರ್ಷ ಚಿಂಗ್‌ಮಿಂಗ್ ಹಬ್ಬ, ಊರವರೆಲ್ಲ ಸಮಾಧಿ ಗುಡಿಸುವ ದಿನ, ಹತ್ತಿರ ಬಂದಾಗ ಶಿಯುಗು ಸೌದೆಕೊಟ್ಟಿಗೆಗೆ ಬಂದಳು. ಜೊತೆಗೆ ಯಾರನ್ನೂ ತಂದಿರಲಿಲ್ಲ. ಬಾಗಿಲಲ್ಲೇ ನಿಂತಳು.

“ಕೊಳದ ಹತ್ರ ಕಲ್ಲು ನಿಲ್ಲಿಸ್ತಾರಂತೆ ಅಕ್ಕ. ಜಿಲ್ಲೆಯೋರು. ಕಲ್ಲಿಗೆ ಕೂಸಿನ ಹೆಸರು ಬೇಕಂತೆ.”

“ನಿನ್ನ ಕೂಸಲ್ವಾ? ನೀನೇ ಹೇಳು.”

“ನಾ ಯಾವತ್ತೂ ಹೆಸರಿಡ್ಲಿಲ್ಲ. ಬಾಯಿಗೆ ಬರ್ನೇ ಇಲ್ಲ.” ಶಿಯುಗು ಉಗುರು ಕಚ್ಚಿದಳು, ಚಿಕ್ಕವಳಿದ್ದಾಗ ಕಚ್ಚುತ್ತಿದ್ದ ಹಾಗೆ. “ನೀ ಇಟ್ಟಿದ್ರೆ ಹೇಳಕ್ಕ. ನಿಜವಾದ್ದನ್ನೇ ಕೆತ್ತಿಸ್ತೀನಿ. ಅಷ್ಟಾದ್ರೂ ಮಾಡ್ತೀನಿ. ಹೇಳಿದ್ರೆ ನಿನ್ನ ಗದ್ದೆ ಮಾತೂ ಎತ್ತಬೌದು.”

“ಇಟ್ಟಿದ್ದೀನಿ,” ಲಾಮೇ ಅಂದಳು.

ಶಿಯುಗು ಕಾದಳು. ಲಾಮೇ ಒಲೆಗೆ ಪುಳ್ಳೆ ಒಡ್ಡಿದಳು, ಗಂಜಿ ತಿರುವಿದಳು, ಎರಡು ಬಟ್ಟಲು ತೆಗೆದಳು, ಒಂದನ್ನು ಮತ್ತೆ ಒಳಗಿಟ್ಟಳು.

“ಹೇಳಾಕಿಲ್ಲ,” ಅಂದಳು. “ಹೋಗು.”

“ಅಕ್ಕಾ.”

“ನಿನ್ನ ಬಾಯಿಗೆ ಒಂದು ಸಲ ಬಿದ್ರೆ ಅದು ನಿಂದಾಗ್ಬಿಡ್ತದೆ. ಹೋಗು ಶಿಯು. ಬಾಗಿಲು ಹಾಕ್ಕೊಂಡು ಹೋಗು.”

ಕಲ್ಲು ಬಂತು. ಹೆಸರನ್ನು ಜಿಲ್ಲೆಯವರೇ ಕೊಟ್ಟರು. ಗಂಡು ಹೆಸರು, ‘ಹೊಸ ಬಾಳು’ ಎಂದು ಅರ್ಥ. ಹಬ್ಬದ ದಿನ ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದರು. ಶಿಯುಗು ಮುಂದೆ ನಿಂತು ಮಾತಾಡಿದಳು, ಆದರೆ ಆ ದಿನ ಎಲ್ಲೋ ನಡುವೆ ತಡವರಿಸಿದಳು; ಶೆನ್ ಪಕ್ಕದಿಂದ ಮಾತು ಎತ್ತಿಕೊಟ್ಟಳು. ಮಕ್ಕಳು ಕಾಗದದ ಹೂಗಳನ್ನು ಕಲ್ಲಿನ ಬುಡದಲ್ಲಿಟ್ಟು, ಹೇಳಿಕೊಟ್ಟ ಹಾಗೆ ಆ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದರು. ದನಿ ನೀರಿನ ಮೇಲೆ ಹಾಯ್ದು ಬೀದಿಯವರೆಗೆ ಬಂತು.

“ನೀ ಇಟ್ಟಿದ್ದು ಅದೇನಾ?” ಆಚೆ ಬದಿಯಿಂದ ಧಣಿಯಮ್ಮ ಕೇಳಿದಳು.

ಲಾಮೇ ತನ್ನ ಪಾಲಿನ ಬೀದಿ ಗುಡಿಸುತ್ತ ಮುಂದಕ್ಕೆ ಹೋದಳು. ಮಕ್ಕಳು ಮತ್ತೊಮ್ಮೆ ಕೂಗಿದರು. ಯಾರನ್ನೋ ಕರೆಯುತ್ತಿದ್ದರು.